ನಾಲ್ಕನೇ ಬಾಟಲಿಗೆ ಮೊದಲು

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ 140ರ ಆಸುಪಾಸು. ಒಣ ರಸ್ತೆಯಲ್ಲಿ ಮೂರು ಗಂಟೆ ಅಂದುಕೊಳ್ಳಿ. ಜುಲೈ-ಆಗಸ್ಟ್‌ನ ಕಕ್ಕಡದ ಮಳೆಯಲ್ಲಿ ರಸ್ತೆಗೆ ಮರ ಅಡ್ಡ ಬಿದ್ದಿದ್ದರೆ ಎಷ್ಟು ಹೊತ್ತೆಂದು ಹೇಳುವವರಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡ ಜರಿದಾಗ ಆ ದಾರಿಯೇ ಇಲ್ಲವಾಗಿತ್ತು. ಇಂಥ ಜಿಲ್ಲೆಯಲ್ಲಿ ಶಾಕ್‌ಗೆ ಜಾರಿದ ರೋಗಿಗೆ ‘ಎರಡು ಬಾಟಲಿ ಫಾಸ್ಟಾಗಿ ಬಿಡಿ, ಮೈಸೂರಿಗೆ ಬರೆದುಕೊಡಿ’ ಎನ್ನುವುದು ಚಿಕಿತ್ಸೆಯಲ್ಲ, ಜವಾಬ್ದಾರಿಯನ್ನು ಘಾಟಿ ಇಳಿಸಿ ಕಳಿಸುವುದು, ಅಷ್ಟೆ. ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ ಕಡೆಯ ಆಸ್ಪತ್ರೆಗಳಿಗೆ ಹೊಸದಾಗಿ ಬಂದಿರುವ ಡಾಕ್ಟರುಗಳನ್ನೂ ಸಿಸ್ಟರುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹೇಳಬೇಕಿರುವುದು ಒಂದೇ: ನಾರ್‌ಅಡ್ರಿನಾಲಿನ್ (ರಕ್ತನಾಳ ಬಿಗಿಸಿ ಬಿಪಿ ಏರಿಸುವ ಔಷಧಿ) ಐಸಿಯುಗಷ್ಟೇ ಮೀಸಲಲ್ಲ. ತೋಳಿನ ಒಳ್ಳೆಯ ರಕ್ತನಾಳದಲ್ಲಿ, ನಾಲ್ಕನೇ ಬಾಟಲಿ ಏರಿಸುವ ಮೊದಲೇ, ಇಲ್ಲೇ ಶುರುವಾಗಬೇಕು.

ಮೊದಲು ಗುರುತಿಸುವುದು. ಶಾಕ್ ಎಂದರೆ ಬಿಪಿ ಕಡಿಮೆಯಾಗುವುದಲ್ಲ, ಅಂಗಾಂಗಗಳಿಗೆ ಸಾಕಷ್ಟು ರಕ್ತ ಮುಟ್ಟದಿರುವುದು. ಬಿಪಿ ಬೀಳುವುದು ಎಷ್ಟೋ ಸಲ ಕೊನೆಯ ಹಂತ. 100/80 ಬಿಪಿ, 130 ನಾಡಿ ಇರುವ ತೋಟದ ಹುಡುಗನನ್ನು ‘ಬಿಪಿ ನಾರ್ಮಲ್’ ಎಂದು ಬೆಂಚಿನ ಮೇಲೆ ಕೂರಿಸಿದರೆ ಅರ್ಧ ಗಂಟೆಯಲ್ಲಿ ಪಶ್ಚಾತ್ತಾಪ ಪಡಬೇಕಾಗುತ್ತದೆ. ಮೇಲಿನ ಅಂಕಿಗೂ ಕೆಳಗಿನ ಅಂಕಿಗೂ ನಡುವೆ 20 ಮಾತ್ರ ಅಂತರವಿದ್ದರೆ ಹೃದಯ ಒಂದೊಂದು ಬಡಿತಕ್ಕೆ ಹೊರದೂಡುತ್ತಿರುವ ರಕ್ತ ತೀರ ಕಡಿಮೆ. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ. ಆರೋಗ್ಯವಂತರಲ್ಲಿ 0.5ರಿಂದ 0.7 ಬರುತ್ತದೆ, 0.9 ದಾಟಿದರೆ ಎಚ್ಚರ. ಈ ಹುಡುಗನದ್ದು 1.3. ವರ್ಷಗಟ್ಟಲೆ ಬಿಪಿ ಮಾತ್ರೆ ನುಂಗುತ್ತಿರುವ ಎಪ್ಪತ್ತರ ಅಜ್ಜನಿಗೆ 110 ಕೂಡ ಕಡಿಮೆಯೇ ಇರಬಹುದು. ಅವರು ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿದ್ದರೆ ನಾಡಿ ಏರುವುದೇ ಇಲ್ಲ.

ರಕ್ತ ಸಾಲದ ಅಂಗಾಂಗಗಳಿಂದ ರಕ್ತಕ್ಕೆ ಸೇರುವ ಲ್ಯಾಕ್ಟೇಟ್ ಅಳೆಯುವ ಯಂತ್ರ ಇಲ್ಲದಿದ್ದರೆ ಕೈಯಲ್ಲಿ ಬೆರಳಿದೆ. ರೋಗಿಯ ತೋರುಬೆರಳಿನ ತುದಿಯನ್ನು ಬಿಳಚಿಕೊಳ್ಳುವಷ್ಟು ಬಲವಾಗಿ 10 ಸೆಕೆಂಡ್ ಒತ್ತಿ ಬಿಡಿ. ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಸರಿಯಿಲ್ಲ. 2019ರ ಆಂಡ್ರೊಮಿಡಾ-ಶಾಕ್ ಅಧ್ಯಯನದಲ್ಲಿ ಹೀಗೆ ಬೆರಳು ಒತ್ತಿ ಚಿಕಿತ್ಸೆ ನಡೆಸಿದ ಗುಂಪು ಲ್ಯಾಕ್ಟೇಟ್ ನೋಡಿ ನಡೆಸಿದ ಗುಂಪಿಗಿಂತ ಹಿಂದೆ ಬೀಳಲಿಲ್ಲ. ನಮ್ಮಲ್ಲಿ ಒಂದು ತೊಡಕಿದೆ: ಜುಲೈನಲ್ಲಿ ಮಡಿಕೇರಿಯ ಚಳಿಗೆ ಆರೋಗ್ಯವಂತರ ಬೆರಳೂ ತಣ್ಣಗಿರುತ್ತದೆ. ಒದ್ದೆ ಬಟ್ಟೆ ತೆಗೆಸಿ, ಕಂಬಳಿ ಹೊದಿಸಿ, ಕೈ ಬೆಚ್ಚಗಾದ ಮೇಲೆ ಇನ್ನೊಮ್ಮೆ ನೋಡಿ. ಎದೆಮೂಳೆಯ ಮೇಲೂ ಒತ್ತಿ ನೋಡಿ. ಮಂಡಿಚಿಪ್ಪಿನ ಸುತ್ತ ನೇರಳೆ ಬಲೆಯಂಥ ಕಲೆ ಇದ್ದರೆ ಅದು ಚಳಿಯ ಕೆಲಸ ಎಂದು ಬಿಟ್ಟುಬಿಡಬೇಡಿ. ಮೂತ್ರಕ್ಕೆ ನಳಿಕೆ ಹಾಕಿ. 60 ಕೆ.ಜಿ. ಆಳಿಗೆ ಗಂಟೆಗೆ 30 ಮಿ.ಲೀ. ಬರಲೇಬೇಕು.

ಇನ್ನು ಯಾವ ಬಗೆಯ ಶಾಕ್ ಎಂಬುದು. ಕಾಫಿ ತೋಟದ ಸ್ಪ್ರಿಂಕ್ಲರ್ ನೋಡಿದವರಿಗೆ ಇದು ಕಷ್ಟವಲ್ಲ. ಜೆಟ್ಟಿನಲ್ಲಿ ನೀರು ಚಿಮ್ಮುತ್ತಿಲ್ಲ ಎಂದರೆ ಕೆರೆ ಬತ್ತಿರಬೇಕು, ಮೋಟಾರ್ ಸೋತಿರಬೇಕು, ಪೈಪಿನ ಜಾಯಿಂಟುಗಳೆಲ್ಲ ಸಡಿಲವಾಗಿರಬೇಕು, ಇಲ್ಲವೇ ಎಲ್ಲೋ ವಾಲ್ವ್ ಮುಚ್ಚಿರಬೇಕು. ರಕ್ತಸ್ರಾವ, ವಾಂತಿಭೇದಿಯಲ್ಲಿ ಬತ್ತಿದ್ದು ಕೆರೆ. ಹೃದಯಾಘಾತದಲ್ಲಿ ಮೋಟಾರ್. ನಂಜು ಏರಿದ ಜ್ವರದಲ್ಲಿ, ಹೆಜ್ಜೇನು ಕಡಿತದಲ್ಲಿ ಪೈಪೇ ಹಿಗ್ಗಿ ಸೋರುತ್ತದೆ. ಮರಗಸಿ ಮಾಡುವಾಗ ಸಿಲ್ವರ್ ಮರದಿಂದ ಬಿದ್ದವನ ಎದೆಗೂಡಿನಲ್ಲಿ ಗಾಳಿ ಒತ್ತಡ ಕಟ್ಟಿಕೊಂಡರೆ, ಹೃದಯದ ಚೀಲದಲ್ಲಿ ರಕ್ತ ತುಂಬಿದರೆ ವಾಲ್ವ್ ಮುಚ್ಚಿದಂತೆ. ವಾಲ್ವ್ ಮುಚ್ಚಿರುವಾಗ ಕೆರೆಗೆ ನೀರು ತುಂಬಿಸಿ ಪ್ರಯೋಜನವಿಲ್ಲ. ಎದೆಯ ಒಂದು ಬದಿಯಲ್ಲಿ ಉಸಿರಿನ ಸದ್ದಿಲ್ಲದೆ ಬಿಪಿ ಬೀಳುತ್ತಿದ್ದರೆ ಎಕ್ಸ್‌ರೇಗೆ ಕಾಯಬಾರದು. ಐದನೇ ಪಕ್ಕೆಲುಬಿನ ಸಂದಿಯಲ್ಲಿ, ಕಂಕುಳಿನ ಮುಂಗೆರೆಯಿಂದ ಸ್ವಲ್ಪ ಹಿಂದಕ್ಕೆ, ದಪ್ಪ ಸೂಜಿ ಚುಚ್ಚಿ ಗಾಳಿ ಬಿಡಬೇಕು, ಆಮೇಲೆ ಎದೆಗೆ ಟ್ಯೂಬ್. ಕೆಳಗಿನ ಬಿಪಿ ಒಂದು ಸುಳಿವು ಕೊಡುತ್ತದೆ: 80/35 ಇದ್ದು ಕೈಕಾಲು ಬೆಚ್ಚಗಿದ್ದರೆ ಪೈಪ್ ಹಿಗ್ಗಿದೆ. 80/65 ಇದ್ದು ಕೈಕಾಲು ತಣ್ಣಗಿದ್ದರೆ ಕೆರೆ, ಮೋಟಾರ್, ವಾಲ್ವ್ ಈ ಮೂರರಲ್ಲೊಂದು.

ಬಾಟಲಿ ವಿಷಯ

ವೇಗ ನಿರ್ಧರಿಸುವುದು ಬಾಟಲಿಯಲ್ಲ, ಕ್ಯಾನುಲಾ, ಅಂದರೆ ರಕ್ತನಾಳಕ್ಕೆ ಹಾಕುವ ನಳಿಕೆ. ಹಸಿರು, ಅಂದರೆ 18 ಗೇಜ್, ತಯಾರಕರ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 90 ಮಿ.ಲೀ. ಬಿಡುತ್ತದೆ. ನೀಲಿ 22 ಗೇಜ್ 35ರ ಆಸುಪಾಸು. ಬೂದು ಬಣ್ಣದ 16 ಗೇಜ್ ಸಿಕ್ಕರೆ ಹಸಿರಿನ ಎರಡರಷ್ಟು. ಮುಂಗೈಯಲ್ಲಿ ನೀಲಿ ಕ್ಯಾನುಲಾ ಹಾಕಿ ‘ಫುಲ್ ಓಪನ್’ ಎಂದು ಕೇಸ್‌ಶೀಟಿನಲ್ಲಿ ಬರೆದರೆ ನೀರು ಓಡುವುದಿಲ್ಲ. ಎರಡೂ ಮೊಣಕೈಯಲ್ಲಿ ಒಂದೊಂದು ಹಸಿರು, ಇದು ಕನಿಷ್ಠ. ಕೈಯ ರಕ್ತನಾಳ ಸಿಗದೆ ಎರಡು ನಿಮಿಷ ಕಳೆದರೆ ಕುತ್ತಿಗೆಯ ಹೊರಗಿನ ರಕ್ತನಾಳ ನೋಡಿ, ಅಥವಾ ಮಂಡಿಯ ಕೆಳಗೆ ಮೂಳೆಗೆ ಸೂಜಿ ಹಾಕಿ. ಬೇಗ ಹೋಗಲಿ ಎಂದು ಬಾಟಲಿಯ ತಲೆಗೆ ಸೂಜಿ ಚುಚ್ಚಿ ಗಾಳಿ ಬಿಟ್ಟು, ಆಮೇಲೆ ಬಾಟಲಿ ಹಿಂಡುವ ಅಭ್ಯಾಸ ಹಲವು ಕಡೆ ಇದೆ. ನೀರು ಮುಗಿದ ಕ್ಷಣ ಹಿಂಡುವ ಕೈ ಗಾಳಿಯನ್ನೇ ರಕ್ತನಾಳಕ್ಕೆ ತಳ್ಳುತ್ತದೆ. ಒತ್ತಡ ಕೊಡುವುದಿದ್ದರೆ ಗಾಳಿ ಪೂರ್ತಿ ತೆಗೆದ ಮೆತ್ತನೆಯ ಬ್ಯಾಗಿಗೆ ಮಾತ್ರ.

ಏನು ಹಾಕುವುದು? ಆರ್‌ಎಲ್, ಅಂದರೆ ರಿಂಗರ್ ಲ್ಯಾಕ್ಟೇಟ್. ನಾರ್ಮಲ್ ಸಲೈನ್‌ನಲ್ಲಿ ಲೀಟರಿಗೆ 154 ಮಿಲಿಮೋಲ್ ಕ್ಲೋರೈಡ್ ಇದೆ, ರಕ್ತದಲ್ಲಿರುವುದು 100ರ ಸುತ್ತ. ಎರಡು ಮೂರು ಲೀಟರ್ ಹೋಗುವಷ್ಟರಲ್ಲಿ ರಕ್ತ ಆಮ್ಲವಾಗುತ್ತದೆ, ಆಮೇಲೆ ಆ ಆಮ್ಲವನ್ನೇ ಶಾಕ್ ಹೆಚ್ಚಾಗಿದೆ ಎಂದು ತಿಳಿದು ಇನ್ನಷ್ಟು ಸಲೈನ್ ಬಿಡುತ್ತಾರೆ. ತಲೆಗೆ ಪೆಟ್ಟಾಗಿದ್ದರೆ ಮಾತ್ರ ಸಲೈನೇ ಸರಿ. ಡಿಎನ್‌ಎಸ್ (ಗ್ಲೂಕೋಸ್ ಬೆರೆತ ಸಲೈನ್), 5% ಡೆಕ್ಸ್‌ಟ್ರೋಸ್ (ಗ್ಲೂಕೋಸ್ ನೀರು) ಈ ಕೆಲಸಕ್ಕಲ್ಲ. ಮನೆಯವರು ‘ಗ್ಲೂಕೋಸ್ ಹಾಕಿ ಡಾಕ್ಟ್ರೇ’ ಎಂದು ಎಷ್ಟೇ ಕೇಳಲಿ, ಒಂದು ಲೀಟರ್ ಡೆಕ್ಸ್‌ಟ್ರೋಸ್‌ನಲ್ಲಿ ರಕ್ತನಾಳದೊಳಗೆ ಉಳಿಯುವುದು ಹನ್ನೆರಡರಲ್ಲೊಂದು ಪಾಲು. ಆರ್‌ಎಲ್ ಹಾಕುವಾಗ ಎರಡು ಎಚ್ಚರ, ಎರಡೂ ಅದರಲ್ಲಿರುವ ಕ್ಯಾಲ್ಸಿಯಂನಿಂದ. ಅದೇ ಲೈನಿನಲ್ಲಿ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಕೊಟ್ಟರೆ ಹರಳುಗಟ್ಟುತ್ತದೆ, ಅದಕ್ಕೆ ಬೇರೆ ಕೈ ಬಳಸಿ ಅಥವಾ ನಡುವೆ ಸಲೈನಿನಿಂದ ತೊಳೆಯಿರಿ. ರಕ್ತವನ್ನೂ ಆರ್‌ಎಲ್ ಲೈನಿನಲ್ಲಿ ಕೊಡಬಾರದು.

ಎಷ್ಟು? 2021ರ ಸರ್ವೈವಿಂಗ್ ಸೆಪ್ಸಿಸ್ ಮಾರ್ಗಸೂಚಿ ನಂಜಿನ ಶಾಕ್‌ಗೆ ಮೊದಲ 3 ಗಂಟೆಯಲ್ಲಿ ಕೆ.ಜಿ.ಗೆ 30 ಮಿ.ಲೀ. ಎನ್ನುತ್ತದೆ. 60 ಕೆ.ಜಿ.ಗೆ 1800 ಮಿ.ಲೀ., ಅರ್ಧ ಲೀಟರಿನ ಮೂರೂವರೆ ಬಾಟಲಿ. ಆದರೆ ಮೊದಲು ‘ಕೊಡಲೇಬೇಕು’ ಎಂಬಂತಿದ್ದದ್ದನ್ನು ಆ ವರ್ಷ ‘ಕೊಡಬಹುದು’ ಎಂಬ ಮಟ್ಟಕ್ಕೆ ಇಳಿಸಿದರು ಎಂಬುದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ವೆಂಟಿಲೇಟರ್ ಕೈಗೆ ಸಿಗದ ಜಾಗಗಳಲ್ಲಿ ನೀರು ಸುರಿದದ್ದರ ಫಲ ಏನೆಂದು ಆಫ್ರಿಕಾದ ಎರಡು ಅಧ್ಯಯನಗಳು ಹೇಳಿವೆ. 2011ರ ಫೀಸ್ಟ್‌ನಲ್ಲಿ ಉಗಾಂಡ, ಕೆನ್ಯಾ, ಟಾಂಜಾನಿಯಾದ ಮಕ್ಕಳಿಗೆ ಬೋಲಸ್ (ಒಮ್ಮೆಲೇ ವೇಗವಾಗಿ ಬಿಡುವ ನೀರು) ಕೊಟ್ಟಾಗ 48 ಗಂಟೆಯೊಳಗೆ ತೀರಿಕೊಂಡವರು 10.5%, ಕೊಡದಿದ್ದಾಗ 7.3%. 2017ರಲ್ಲಿ ಜಾಂಬಿಯಾದ ವಯಸ್ಕರಲ್ಲಿ ಧಾರಾಳ ನೀರಿನ ಪ್ರೋಟೋಕಾಲ್ ಪಾಲಿಸಿದ ಗುಂಪಿನ ಸಾವು 48.1%, ಸಾಮಾನ್ಯ ಆರೈಕೆಯ ಗುಂಪಿನದು 33%. ಅಲ್ಲಿನ ರೋಗಿಗಳಲ್ಲಿ ಎಚ್‌ಐವಿ, ಮಲೇರಿಯಾ, ರಕ್ತಹೀನತೆ ಹೆಚ್ಚು, ನಿಜ. ಆದರೆ ಶ್ವಾಸಕೋಶಕ್ಕೆ ನೀರಿಳಿದರೆ ಉಸಿರಾಟಕ್ಕೆ ಆಸರೆ ಕೊಡುವ ಯಂತ್ರ ಇಲ್ಲದಿರುವ ಪರಿಸ್ಥಿತಿ ನಮ್ಮ ತಾಲ್ಲೂಕು ಆಸ್ಪತ್ರೆಗೂ, ಘಾಟಿ ಇಳಿಯುವ ಆಂಬುಲೆನ್ಸಿಗೂ ಚೆನ್ನಾಗಿ ಹೊಂದುತ್ತದೆ.

ಹಾಗಾಗಿ ಅರ್ಧ ಲೀಟರ್ 15–20 ನಿಮಿಷದಲ್ಲಿ, ಪ್ರತಿ ಬಾಟಲಿ ಮುಗಿದಾಗಲೂ ನಿಂತು ನೋಡುವುದು. ಹೃದಯದ ಕಾಯಿಲೆ ಇದ್ದರೆ, ವಯಸ್ಸಾಗಿದ್ದರೆ 250 ಮಿ.ಲೀ. ಸಾಕು. ನೋಡಬೇಕಾದದ್ದು ಬೆರಳು, ನಾಡಿ, ಬಿಪಿಯ ಅಂತರ. ಜೊತೆಗೆ ಉಸಿರಾಟದ ವೇಗ ಮತ್ತು ಬೆನ್ನಿನ ಕೆಳಭಾಗದ ಸದ್ದು. 22 ಇದ್ದ ಉಸಿರು 30 ಆಯಿತೇ, ಬೆನ್ನಿನಲ್ಲಿ ಹೊಸದಾಗಿ ಚರಚರ ಸದ್ದು ಬಂತೇ, ಆಕ್ಸಿಜನ್ ಅಂಕಿ ಜಾರಿತೇ, ಅಲ್ಲಿಗೆ ಬಾಟಲಿ ನಿಲ್ಲಿಸಿ. ಅನುಮಾನವಿದ್ದರೆ ಕಾಲೆತ್ತುವ ಪರೀಕ್ಷೆ ಮಾಡಿ. ಬೆನ್ನನ್ನು 45 ಡಿಗ್ರಿ ಏರಿಸಿ ಮಲಗಿಸಿದವರನ್ನು ಅಂಗಾತ ಮಾಡಿ, ಕಾಲುಗಳನ್ನು 45 ಡಿಗ್ರಿ ಎತ್ತಿ ಹಿಡಿಯಿರಿ. ಒಂದು ನಿಮಿಷದೊಳಗೆ ಬಿಪಿಯ ಅಂತರ ಹಿಗ್ಗಿದರೆ ಇನ್ನೂ ನೀರು ಹಿಡಿಸುತ್ತದೆ. ಕಾಲಿನಿಂದ ಇಳಿದ ಸುಮಾರು 300 ಮಿ.ಲೀ. ರಕ್ತ ಅವರದ್ದೇ, ಕಾಲು ಕೆಳಗಿಟ್ಟರೆ ವಾಪಸ್ಸು ಹೋಗುತ್ತದೆ. ಬಾಟಲಿಯ ನೀರಿಗೆ ಆ ಗುಣವಿಲ್ಲ. ಕಾಲನ್ನು ಹಿಡಿದು ಎಳೆದಾಡಿ ನೋವು ಮಾಡಿದರೆ ಬಿಪಿ ನೋವಿಗೇ ಏರುತ್ತದೆ, ಮಂಚದ ತಿರುಗಣೆಯಿಂದ ಎತ್ತುವುದು ಮೇಲು.

ನಾರ್‌ಅಡ್ರಿನಾಲಿನ್

ಎರಡು ಮೂರು ಬಾಟಲಿ ಮುಗಿದರೂ ಸರಾಸರಿ ಬಿಪಿ 65 ಮುಟ್ಟಲಿಲ್ಲವೆಂದರೆ ಶುರು ಮಾಡಿ. ಸರಾಸರಿಯ ಲೆಕ್ಕ: ಕೆಳಗಿನ ಅಂಕಿಯ ಎರಡರಷ್ಟಕ್ಕೆ ಮೇಲಿನದನ್ನು ಕೂಡಿಸಿ ಮೂರರಿಂದ ಭಾಗಿಸಿ. 80/40 ಎಂದರೆ 53. ಕೆಳಗಿನ ಬಿಪಿ 40ರ ಹತ್ತಿರ ಇಳಿದಿದ್ದರೆ ಬಾಟಲಿ ಮುಗಿಯುವ ತನಕ ಕಾಯುವುದೂ ಬೇಡ, ಎರಡೂ ಜೊತೆಗೇ ಸಾಗಲಿ.

ಆಂಪೂಲ್ ಒಡೆಯುವ ಮುನ್ನ ಲೇಬಲ್ ಓದಿ. ಇಲ್ಲಿ ಆಗುವ ತಪ್ಪು ಎರಡು ಪಟ್ಟಿನದು. ಬೈಟಾರ್ಟ್ರೇಟ್ ಲವಣ 2 ಮಿ.ಗ್ರಾಂ ಎಂದರೆ ಅದರಲ್ಲಿರುವ ಅಸಲಿ ನಾರ್‌ಅಡ್ರಿನಾಲಿನ್ 1 ಮಿ.ಗ್ರಾಂ. ಕೆಲವು ಲೇಬಲ್ಲು ಲವಣದ ತೂಕ ಹೇಳುತ್ತವೆ, ಕೆಲವು ಅಸಲಿಯದ್ದು. ಕೆಳಗಿನ ಲೆಕ್ಕವೆಲ್ಲ ಅಸಲಿ ತೂಕದ್ದು.

4 ಮಿ.ಗ್ರಾಂ ಅಸಲಿಯನ್ನು 5% ಡೆಕ್ಸ್‌ಟ್ರೋಸ್ ಸೇರಿಸಿ 50 ಮಿ.ಲೀ. ಮಾಡಿದರೆ ಒಂದು ಮಿ.ಲೀ.ಯಲ್ಲಿ 80 ಮೈಕ್ರೋಗ್ರಾಂ. 60 ಕೆ.ಜಿ. ರೋಗಿಗೆ ನಿಮಿಷಕ್ಕೆ ಕೆ.ಜಿ.ಗೆ 0.1 ಮೈಕ್ರೋಗ್ರಾಂ ಬೇಕಾದರೆ ಸಿರಿಂಜ್ ಪಂಪ್ ಗಂಟೆಗೆ 4.5 ಮಿ.ಲೀ. ಅರ್ಧದಿಂದ, ಅಂದರೆ 2.3ರಿಂದ ಶುರು ಮಾಡಿ 3–5 ನಿಮಿಷಕ್ಕೊಮ್ಮೆ ಏರಿಸುತ್ತ ಹೋಗಿ. 11.3 ಬಂದಾಗ 0.25 ಆಯಿತು. ಪಂಪ್ ಇಲ್ಲವೇ? ಅದೇ 4 ಮಿ.ಗ್ರಾಂ ಅನ್ನು 250 ಮಿ.ಲೀ. ಡೆಕ್ಸ್‌ಟ್ರೋಸ್‌ಗೆ ಹಾಕಿ ಮೈಕ್ರೋಡ್ರಿಪ್ ಸೆಟ್ ಜೋಡಿಸಿ. ಆ ಸೆಟ್ಟಿನಲ್ಲಿ 60 ಹನಿ ಒಂದು ಮಿ.ಲೀ., ಹಾಗಾಗಿ ಗಂಟೆಯ ಮಿ.ಲೀ. ಎಷ್ಟೋ ನಿಮಿಷದ ಹನಿಯೂ ಅಷ್ಟೇ. 0.1ಕ್ಕೆ ನಿಮಿಷಕ್ಕೆ 22–23 ಹನಿ. ಹನಿ ಎಣಿಸಲು ಒಬ್ಬರು ಪಕ್ಕದಲ್ಲೇ ನಿಲ್ಲಬೇಕು. ರೋಗಿ ಕೈ ಮಡಿಸಿದರೆ ಹನಿ ನಿಲ್ಲುತ್ತದೆ, ಬಿಡಿಸಿದರೆ ಓಡುತ್ತದೆ.

ಸೆಂಟ್ರಲ್ ಲೈನ್ (ಹೃದಯದ ಬಳಿಯ ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ) ಇಲ್ಲ ಎಂಬುದು ಕಾಯಲು ಕಾರಣವಲ್ಲ. ಮೊಣಕೈ ಮಡಿಕೆಯಲ್ಲಿ ಅಥವಾ ಅದರ ಮೇಲೆ, ಹಸಿರು ಅಥವಾ ಗುಲಾಬಿ ಕ್ಯಾನುಲಾ, ಹೊಸದಾಗಿ ಹಾಕಿದ್ದು, ಎಳೆದರೆ ರಕ್ತ ಬರುವಂಥದ್ದು. ಮೊಣಕೈ ಮಡಚದಂತೆ ರಟ್ಟು ಕಟ್ಟಿ. ಆ ಕೈ ಹೊದಿಕೆಯ ಹೊರಗೇ ಇರಲಿ. ಕಂಬಳಿಯೊಳಗೆ ಊದಿಕೊಂಡದ್ದು ಗೊತ್ತಾಗುವಾಗ ಚರ್ಮ ಬಿಳಿಯಾಗಿ ಸತ್ತಿರುತ್ತದೆ. ಔಷಧಿ ಹೊರಗೆ ಸೋರಿದರೆ ಕ್ಯಾನುಲಾ ಕಿತ್ತು ಬಿಸಾಡಬೇಡಿ. ಮೊದಲು ನಾರ್‌ಅಡ್ರಿನಾಲಿನನ್ನು ಇನ್ನೊಂದು ಕೈಗೆ ಬದಲಿಸಿ, ಅದೇ ಕ್ಯಾನುಲಾದಿಂದ ಎಷ್ಟು ಬರುತ್ತದೋ ಅಷ್ಟು ಎಳೆದು ತೆಗೆದು, ಬೆಚ್ಚಗೆ ಕಾವು ಕೊಡಿ. ಬಿಗಿದ ರಕ್ತನಾಳ ಸಡಿಲಿಸುವ ಫೆಂಟೋಲಮೈನ್ ಇದ್ದರೆ 5–10 ಮಿ.ಗ್ರಾಂ ಅನ್ನು 10 ಮಿ.ಲೀ. ಸಲೈನ್‌ನಲ್ಲಿ ಕಲಸಿ ಸುತ್ತ ಚುಚ್ಚುತ್ತಾರೆ. ನಮ್ಮ ಕಡೆ ಸಿಗುವುದು ಅಪರೂಪ, ಟರ್ಬ್ಯುಟಲಿನ್ 1 ಮಿ.ಗ್ರಾಂ ಅನ್ನು ಅದೇ ರೀತಿ ಬಳಸುವುದುಂಟು.

ಪುಸ್ತಕದಲ್ಲಿ ಎದ್ದು ಕಾಣದ, ವಾರ್ಡಿನಲ್ಲಿ ಪದೇಪದೇ ಆಗುವ ಎಡವಟ್ಟುಗಳೇ ಬೇರೆ. ಒಂದು, ಎಕ್ಸ್‌ಟೆನ್ಷನ್ ಲೈನ್ ತುಂಬಿಸದೆ ಪಂಪ್ ಒತ್ತುವುದು. ಒಂದೂವರೆ ಮಿ.ಲೀ. ಹಿಡಿಯುವ ಲೈನ್ ಖಾಲಿ ಇದ್ದರೆ 4.5ರ ವೇಗದಲ್ಲಿ ಔಷಧಿಯ ಮೊದಲ ಹನಿ ರೋಗಿಗೆ ಮುಟ್ಟಲು 20 ನಿಮಿಷ. ಅಷ್ಟರಲ್ಲಿ ‘ಕೆಲಸ ಮಾಡ್ತಿಲ್ಲ’ ಎಂದು ವೇಗ ನಾಲ್ಕು ಪಟ್ಟು ಏರಿಸಿರುತ್ತಾರೆ, ಆಮೇಲೆ ಬಿಪಿ 220. ಇನ್ನೊಂದು, ನಾರ್‌ಅಡ್ರಿನಾಲಿನ್ ಓಡುತ್ತಿರುವ ಕೈಗೇ ಬಿಪಿ ಪಟ್ಟಿ ಕಟ್ಟುವುದು. ಪಟ್ಟಿ ಬಿಗಿದಾಗ ಔಷಧಿ ತಡೆಯುತ್ತದೆ, ಸಡಿಲಿಸಿದಾಗ ಒಮ್ಮೆಲೇ ನುಗ್ಗುತ್ತದೆ. ಅದೇ ಲೈನಿನಲ್ಲಿ ರಾನಿಟಿಡಿನ್ನೋ ಆಂಟಿಬಯಾಟಿಕ್ಕೋ ತಳ್ಳುವುದೂ ಇದೇ ಜಾತಿಯ ತಪ್ಪು. ಲೈನಿನೊಳಗಿದ್ದ ಅಷ್ಟೂ ಔಷಧಿ ಒಂದೇ ಸಲ ಹೃದಯಕ್ಕೆ ಹೋಗುತ್ತದೆ. ಪಂಪಿನಲ್ಲಿ ಸಿರಿಂಜಿನ ಕಂಪನಿ ಆರಿಸುವ ಮೆನು ಇರುತ್ತದೆ, ತಪ್ಪು ಕಂಪನಿ ಆರಿಸಿದರೆ ಪರದೆಯ ಮೇಲಿನ ಅಂಕಿ ಸುಳ್ಳು.

0.25 ದಾಟಿದರೂ ಬಿಪಿ ನಿಲ್ಲದಿದ್ದರೆ ರಕ್ತನಾಳ ಬಿಗಿಸುವ ಇನ್ನೊಂದು ಔಷಧಿ, ವ್ಯಾಸೊಪ್ರೆಸಿನ್: 20 ಯೂನಿಟ್ 50 ಮಿ.ಲೀ.ಗೆ, ಗಂಟೆಗೆ 4.5 ಮಿ.ಲೀ., ಅಂದರೆ ನಿಮಿಷಕ್ಕೆ 0.03 ಯೂನಿಟ್. ಇದನ್ನು ಏರಿಸುವುದು ಇಳಿಸುವುದು ಇಲ್ಲ, ಒಂದೇ ವೇಗ. ಆ ಮಟ್ಟದಲ್ಲಿ 4 ಗಂಟೆ ಕಳೆದರೆ ಹೈಡ್ರೋಕಾರ್ಟಿಸೋನ್ 50 ಮಿ.ಗ್ರಾಂ ಆರು ಗಂಟೆಗೊಮ್ಮೆ. ಮೂರನೆಯದು ಅಡ್ರಿನಾಲಿನ್. ಅದು ಲ್ಯಾಕ್ಟೇಟನ್ನೂ ಏರಿಸುವುದರಿಂದ ಆಮೇಲೆ ಆ ಅಂಕಿ ನೋಡಿ ಗಾಬರಿಯಾಗಬೇಡಿ. ಡೋಪಮೈನ್ ಎಲ್ಲಿ ಹೋಯಿತು ಎಂದು ಹಳಬರು ಕೇಳಬಹುದು. ಕಪಾಟಿನಲ್ಲೇ ಇರಲಿ. 2010ರ ಸೋಪ್-2 ಅಧ್ಯಯನದಲ್ಲಿ ಡೋಪಮೈನ್ ಗುಂಪಿಗೆ ಹೃದಯದ ಲಯ ತಪ್ಪುವುದು ನಾರ್‌ಅಡ್ರಿನಾಲಿನ್ ಗುಂಪಿನ ಸುಮಾರು ಎರಡು ಪಟ್ಟು. ಕಿಡ್ನಿ ಉಳಿಸುವ ‘ಸಣ್ಣ ಡೋಸ್’ ಎಂಬುದಂತೂ ಕಟ್ಟುಕತೆ. ನಾರ್‌ಅಡ್ರಿನಾಲಿನ್ ಇಲ್ಲವೇ ಇಲ್ಲ ಎಂದಾಗ ಅಡ್ರಿನಾಲಿನ್ 1 ಮಿ.ಗ್ರಾಂ ಅನ್ನು 50 ಮಿ.ಲೀ. ಮಾಡಿ ಗಂಟೆಗೆ 9 ಮಿ.ಲೀ. ಬಿಟ್ಟರೆ 60 ಕೆ.ಜಿ.ಗೆ 0.05 ಆಗುತ್ತದೆ. ಅಡ್ರಿನಾಲಿನ್ ಇಲ್ಲದ ಆಸ್ಪತ್ರೆ ಇಲ್ಲ.

ತೋಟದಿಂದ ಬರುವ ಶಾಕ್‌ಗಳು

ಮೇಲಿನದ್ದೆಲ್ಲ ಮುಖ್ಯವಾಗಿ ನಂಜಿನ ಜ್ವರಕ್ಕೆ. ಮಳೆಗಾಲದಲ್ಲಿ ಕಣ್ಣು ಕೆಂಪಾಗಿ, ಮೀನಖಂಡ ಮುಟ್ಟಿದರೆ ನೋಯುವ ಇಲಿಜ್ವರ, ಕಂಕುಳಲ್ಲೋ ತೊಡೆಸಂದಿಯಲ್ಲೋ ಕಪ್ಪು ಹಕ್ಕಳೆಯಿರುವ ಸ್ಕ್ರಬ್ ಟೈಫಸ್, ಇವೆರಡರಲ್ಲೂ ರಕ್ತನಾಳ ಸೋರುತ್ತದೆ, ಶ್ವಾಸಕೋಶ ಬೇಗ ತುಂಬುತ್ತದೆ, ಹೃದಯದ ಸ್ನಾಯುವೂ ಸೋಲಬಹುದು. ಇವರಿಗೆ ಮೂರನೇ ಬಾಟಲಿಯೇ ಹೆಚ್ಚಾಗಬಹುದು. ಮೊದಲ ಗಂಟೆಯಲ್ಲೇ ಸೆಫ್ಟ್ರಿಯಾಕ್ಸೋನ್ 2 ಗ್ರಾಂ ಜೊತೆಗೆ ಡಾಕ್ಸಿಸೈಕ್ಲಿನ್ ಸೇರಿಸಿ, ಸ್ಕ್ರಬ್ ಟೈಫಸ್‌ಗೆ ಸೆಫ್ಟ್ರಿಯಾಕ್ಸೋನ್ ಒಂದೇ ನಾಟುವುದಿಲ್ಲ. ಡೆಂಗಿಯಲ್ಲಿ ಬೋಲಸ್ ಅಲ್ಲ, ಬಿಪಿ ಇನ್ನೂ ಬೀಳದಿದ್ದರೆ ಕೆ.ಜಿ.ಗೆ 10 ಮಿ.ಲೀ. ಒಂದು ಗಂಟೆಯಲ್ಲಿ, ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ನೋಡುತ್ತ. ಅದು ಇಳಿದೂ ರೋಗಿ ಸುಧಾರಿಸದಿದ್ದರೆ ಒಳಗೆಲ್ಲೋ ರಕ್ತ ಹೋಗುತ್ತಿದೆ.

ಹೆಜ್ಜೇನು ಕಡಿದು ಬಿಪಿ ಬಿದ್ದವರಿಗೆ ಮೊದಲ ಔಷಧಿ ಬಾಟಲಿಯೂ ಅಲ್ಲ, ಅಲರ್ಜಿಗೆ ಕೊಡುವ ಏವಿಲ್-ಹೈಡ್ರೋಕಾರ್ಟಿಸೋನೂ ಅಲ್ಲ. ಅಡ್ರಿನಾಲಿನ್ 0.5 ಮಿ.ಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ, ಐದು ನಿಮಿಷಕ್ಕೊಮ್ಮೆ ಮತ್ತೆ. ಮಲಗಿಸಿ ಕಾಲೆತ್ತಿ. ಎದ್ದು ಕೂರಿಸಿದ ಕ್ಷಣದಲ್ಲೇ ಹೃದಯ ನಿಂತದ್ದುಂಟು. ಎರಡು ಡೋಸಿಗೂ ಬಗ್ಗದಿದ್ದರೆ ಮೇಲೆ ಹೇಳಿದ ಅಡ್ರಿನಾಲಿನ್ ಪಂಪ್, ಜೊತೆಗೆ ಧಾರಾಳವಾಗಿ ಆರ್‌ಎಲ್. ಇಲ್ಲಿ ಜಿಪುಣತನ ಬೇಡ.

ಆನೆ ತುಳಿದವರು, ಕರಿಮೆಣಸಿನ ಏಣಿಯಿಂದ ಬಿದ್ದವರು ಬೇರೆಯೇ ಲೆಕ್ಕ. ಬತ್ತಿದ ಕೆರೆಗೆ ಬೇಕಾದದ್ದು ರಕ್ತ. ಸಲೈನ್ ಸುರಿದರೆ ಹೆಪ್ಪುಗಟ್ಟುವ ಅಂಶ ತೆಳುವಾಗಿ, ಮೈ ತಣ್ಣಗಾಗಿ, ಕಟ್ಟಿದ್ದ ಹೆಪ್ಪು ಕಿತ್ತು ಮತ್ತೆ ಸುರಿಯುತ್ತದೆ. ತಲೆಗೆ ಪೆಟ್ಟಿಲ್ಲದಿದ್ದರೆ ರಕ್ತಸ್ರಾವ ನಿಲ್ಲುವವರೆಗೆ ಮೇಲಿನ ಬಿಪಿ 80–90 ಸಾಕು, ಪೆಟ್ಟಿದ್ದರೆ 110. ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ 10 ನಿಮಿಷದಲ್ಲಿ, ಪೆಟ್ಟಾದ 3 ಗಂಟೆಯೊಳಗೆ. ತೋಟದಿಂದ ಜೀಪಿನಲ್ಲಿ ಹೊತ್ತು ತರುವುದರಲ್ಲೇ ಎರಡು ಗಂಟೆ ಹೋಗಿರುತ್ತದೆ ಎಂಬುದು ಲೆಕ್ಕದಲ್ಲಿರಲಿ. ಸೊಂಟದ ಮೂಳೆ ಮುರಿದ ಅನುಮಾನವಿದ್ದರೆ ಬೆಡ್‌ಶೀಟನ್ನು ಪಟ್ಟಿಯಂತೆ ಮಡಿಸಿ ಸೊಂಟಕ್ಕಲ್ಲ, ಅದರ ಕೆಳಗೆ ತೊಡೆಮೂಳೆಯ ಉಬ್ಬಿನ ಮಟ್ಟಕ್ಕೆ ಬಿಗಿಯಿರಿ. ನಾರ್‌ಅಡ್ರಿನಾಲಿನ್ ಇಲ್ಲಿ ರಕ್ತ ಬರುವ ತನಕದ ಊರುಗೋಲು ಮಾತ್ರ.

ಘಾಟಿ ಇಳಿಯುವಾಗ

ನಾರ್‌ಅಡ್ರಿನಾಲಿನ್‌ನ ಪ್ರಭಾವ ರಕ್ತದಲ್ಲಿ ಎರಡು ಮೂರು ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ಸಿರಿಂಜ್ ಖಾಲಿಯಾದ ಮೇಲೆ ಆಂಪೂಲ್ ಹುಡುಕಿದರೆ ಹೊಸದು ಜೋಡಿಸುವಷ್ಟರಲ್ಲಿ ಬಿಪಿ ನೆಲ ಕಚ್ಚಿರುತ್ತದೆ. ಗಂಟೆಗೆ 9 ಮಿ.ಲೀ. ಓಡುತ್ತಿದ್ದರೆ 50 ಮಿ.ಲೀ. ಐದೂವರೆ ಗಂಟೆ ಬರುತ್ತದೆ. ಆದರೂ ತುಂಬಿ ಲೇಬಲ್ ಅಂಟಿಸಿದ ಇನ್ನೊಂದು ಸಿರಿಂಜ್ ಜೇಬಿನಲ್ಲಿರಲಿ, ಮರ ಬಿದ್ದ ರಸ್ತೆ ಯಾರನ್ನೂ ಕೇಳುವುದಿಲ್ಲ. ಪಂಪಿನ ಬ್ಯಾಟರಿ ಹೊರಡುವ ಮುನ್ನ ವೈರ್ ಕಿತ್ತು ಹತ್ತು ನಿಮಿಷ ಓಡಿಸಿ ನೋಡಿ. ಹಳೆಯ ಪಂಪುಗಳ ಬ್ಯಾಟರಿ ಪರದೆಯಲ್ಲಿ ಪೂರ್ತಿ ತೋರಿಸಿ ಐದನೇ ನಿಮಿಷಕ್ಕೆ ಕೈಕೊಡುತ್ತದೆ. ಪಂಪನ್ನು ರೋಗಿಯ ಎದೆಯ ಮಟ್ಟದಲ್ಲೇ ಕಟ್ಟಿ. ಮೇಲೆ ತೂಗುಹಾಕಿದ್ದು ಜಾರಿ ಬಿದ್ದರೆ ವೇಗ ಏರುಪೇರಾಗುತ್ತದೆ.

ತಿರುವುಗಳಲ್ಲಿ ಗಾಡಿ ಅಲುಗುವಾಗ ಬಿಪಿ ಯಂತ್ರ ಸುಮ್ಮನೆ ಏನೋ ಒಂದು ಅಂಕಿ ಕೊಡುತ್ತದೆ. ಅಂಕಿ ನೋಡಿ ಔಷಧಿ ತಿರುಗಿಸುವ ಮುಂಚೆ ತೊಡೆಸಂದಿಯ ನಾಡಿ ಮುಟ್ಟಿ, ಬೇಕಾದರೆ ಗಾಡಿ ಒಂದು ನಿಮಿಷ ಪಕ್ಕಕ್ಕೆ ನಿಲ್ಲಿಸಿ. ತಣ್ಣಗಿನ ಬೆರಳಿನಲ್ಲಿ ಆಕ್ಸಿಜನ್ ಪ್ರೋಬ್ ಓದದಿದ್ದರೆ ಕಿವಿಯ ಹಾಲೆಗೆ ಹಾಕಿ.

ಚೀಟಿಯಲ್ಲಿ ‘ಇನೋಟ್ರೋಪ್ ಸಪೋರ್ಟ್ ಮೇಲೆ ಕಳಿಸಲಾಗಿದೆ’ ಎಂದು ಬರೆದರೆ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ನಾರ್‌ಅಡ್ರಿನಾಲಿನ್ ಅಸಲಿ 4 ಮಿ.ಗ್ರಾಂ 50 ಮಿ.ಲೀ.ಯಲ್ಲಿ, ಗಂಟೆಗೆ 6 ಮಿ.ಲೀ., ಬಲ ಮೊಣಕೈ, 2.40ಕ್ಕೆ ಶುರು. ಆರ್‌ಎಲ್ ಒಟ್ಟು 1500. ಆಂಟಿಬಯಾಟಿಕ್ 2.15ಕ್ಕೆ. ಮೂತ್ರ ಹೊರಡುವಾಗ 40 ಮಿ.ಲೀ. ಇಷ್ಟಿದ್ದರೆ ಅವರ ಪಂಪಿಗೆ ಬದಲಿಸುವಾಗ ಡೋಸ್ ಅರ್ಧವಾಗುವುದೂ ಇಲ್ಲ, ದುಪ್ಪಟ್ಟಾಗುವುದೂ ಇಲ್ಲ.